‘ಸರ್ವರ್ ಇಲ್ಲ’ ಎನ್ನುವ ಮೊದಲು

ಬೆಂಗಳೂರು–ಮೈಸೂರು ರೈಲು ಹಾದಿಯಲ್ಲಿ ಮದ್ದೂರು ದಾಟಿದ ಮೇಲೆ, ಮಂಡ್ಯಕ್ಕೆ ಮುಂಚೆ ಹನಕೆರೆ ನಿಲ್ದಾಣ ಸಿಗುತ್ತದೆ. ಕಬ್ಬು, ಭತ್ತ, ಹಾಲು ನಂಬಿ ಬದುಕುವ ಸೀಮೆ ಇದು. ಇಲ್ಲಿಂದ ಮದ್ದೂರಿನ ಕಡೆ ಹೋದರೂ ಸರಿ, ಮಳವಳ್ಳಿಯ ಕಡೆ ಹೋದರೂ ಸರಿ, ನಾಲ್ಕು ಕಂಪ್ಯೂಟರಿನ ಸಣ್ಣ ಕಚೇರಿಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದು ಹಾಲಿನ ಡೈರಿಯದಿರಬಹುದು, ವ್ಯವಸಾಯ ಸೇವಾ ಸಹಕಾರ ಸಂಘದ್ದಿರಬಹುದು, ಗ್ರಾಮ ಒನ್ ಕೇಂದ್ರವೋ ಆಡಿಟರ ಕಚೇರಿಯೋ ಆಗಿರಬಹುದು. ಒಳಗಿನ ಯಂತ್ರಗಳು ಒಂದೇ ಕಾಲಕ್ಕೆ, ಒಂದೇ ಅಂಗಡಿಯಿಂದ ಬಂದವಲ್ಲ. ಮೂಲೆಯಲ್ಲಿ ವಿಂಡೋಸ್ 7ರ ಹಳೇ ಡೆಸ್ಕ್‌ಟಾಪ್, ಅದರ ಬೆನ್ನಿಗೆ ಸಿಕ್ಕಿಸಿದ ಪುಟ್ಟ ವೈಫೈ ಡಾಂಗಲ್. ಕಾರ್ಯದರ್ಶಿಯ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್. ಓದಿದ ಹುಡುಗನೊಬ್ಬ ಉಬುಂಟು ಹಾಕಿಕೊಟ್ಟ ಇನ್ನೊಂದು. ಪ್ರಿಂಟರ್, ಬೆರಳಚ್ಚಿನ ಯಂತ್ರ, ಗೋಡೆಯ ಮೇಲೊಂದು ಕ್ಯಾಮೆರಾ, ಬಂದವರ ಕೈಯಲ್ಲೆಲ್ಲ ಮೊಬೈಲು. ಇಷ್ಟಕ್ಕೂ ಇರುವುದು ಒಂದೇ ರೂಟರ್.

ಅಂಥ ಕಡೆ ಮತ್ತೆ ಮತ್ತೆ ಕೇಳಿಬರುವ ಮಾತು ಒಂದಿದೆ: “ಸರ್ವರ್ ಬತ್ತಾ ಇಲ್ಲ ಕಣಣ್ಣ, ನಾಳೆ ಬಾ.”

ಕೇಳಿದವರು ಎದುರು ಮಾತಾಡದೆ ಹೊರಡುತ್ತಾರೆ. ಅವರ ಅರ್ಧ ದಿನದ ಕೂಲಿ ಹೋಯಿತು, ನಾಳೆ ಮತ್ತೆ ಅದೇ ಸಾಲು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ರಾಜ್ಯದ ಉದ್ದಗಲಕ್ಕೂ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಂಗಸರು ಗಂಟೆಗಟ್ಟಲೆ ಕಾದದ್ದನ್ನು ಎಲ್ಲರೂ ಕಂಡಿದ್ದಾರೆ. ಆಗ ಸರ್ವರಿನ ಮೇಲೆ ನಿಜವಾಗಿಯೂ ಒತ್ತಡ ಬಿದ್ದಿತ್ತು. ಊರ ಕಚೇರಿಯವರು ಅದಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ. ಆದರೆ ಮಿಕ್ಕ ದಿನಗಳಲ್ಲಿ ಸರ್ವರಿನ ತಲೆಗೆ ಕಟ್ಟುವ ಎಷ್ಟೋ ದೋಷಗಳು ಇರುವುದು ಕಚೇರಿಯ ಬಾಗಿಲೊಳಗೆ, ಗೋಡೆಯ ಮೇಲಿನ ರೂಟರಿಗೂ ಮೇಜಿನ ಮೇಲಿನ ಯಂತ್ರಕ್ಕೂ ನಡುವಿನ ಹತ್ತು ಹದಿನೈದು ಅಡಿಯಲ್ಲಿ. ಅದನ್ನು ಹುಡುಕಲು ಹೊಸ ಸಾಮಾನು ಕೊಳ್ಳಬೇಕಿಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ನು, ಒಂದು ವಾರದ ತಾಳ್ಮೆ ಇದ್ದರೆ ಸಾಕು.

ಈ ಹುಡುಕಾಟಕ್ಕೆ ಈಗ ಹಿಂದೆಂದಿಗಿಂತ ಹೆಚ್ಚು ತೂಕವಿದೆ. ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದಾಗ ಯಂತ್ರ ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ, ತಂತಿಯ ತುದಿಯಲ್ಲಿ. ಈಗ ಅದೇ ಪಹಣಿ ಹಳ್ಳಿಯ ಕೇಂದ್ರದಲ್ಲೇ ಸಿಗುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತನ ಸಾಲ, ಹಾಲಿನ ಲೆಕ್ಕ, ಪಡಿತರದ ಬೆರಳಚ್ಚು ಎಲ್ಲವೂ ಸಣ್ಣ ಕೋಣೆಯ ಸಣ್ಣ ರೂಟರಿನ ಮೂಲಕ ಹಾಯಬೇಕಾದ ಕಾಲ ಬಂದಿದೆ.

ದೋಷ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ನೆಟ್ ಎಲ್ಲರಿಗೂ ಹೋಯಿತೋ, ಒಬ್ಬರಿಗೆ ಹೋಯಿತೋ?

ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹೋಗಿದ್ದರೆ ದೋಷ ರೂಟರಿನಲ್ಲಿ, ಅದಕ್ಕೆ ಬರುವ ಕರೆಂಟಿನಲ್ಲಿ, ಇಲ್ಲವೇ ಹೊರಗಿನಿಂದ ಬರುವ ಫೈಬರಿನಲ್ಲಿ ಇದೆ. ಒಂದೇ ಯಂತ್ರಕ್ಕೆ ಹೋಗಿ ಮಿಕ್ಕವು ಸರಾಗವಾಗಿ ನಡೆಯುತ್ತಿದ್ದರೆ ಆ ಯಂತ್ರವನ್ನೇ ವಿಚಾರಿಸಬೇಕು. ಇಷ್ಟು ಸರಳವಾದ ಪ್ರಶ್ನೆಯನ್ನು ಕೇಳದೆಯೇ ರೂಟರನ್ನು ಆಫ್ ಮಾಡಿ ಆನ್ ಮಾಡುವುದು ರೂಢಿಯಾಗಿದೆ. ಹಾಗೆ ಮಾಡಿದರೆ ನೆಟ್ ಬರಬಹುದು. ಆದರೆ ಯಾತಕ್ಕೆ ಹೋಗಿತ್ತು ಎನ್ನುವ ಸುಳಿವು ಅಳಿಸಿಹೋಗುತ್ತದೆ, ಕೆಲಸ ನಡೆಯುತ್ತಿದ್ದ ಇನ್ನಿಬ್ಬರ ಅರ್ಜಿಯೂ ಅರ್ಧಕ್ಕೆ ನಿಲ್ಲುತ್ತದೆ.

ಎರಡನೆಯ ಪರೀಕ್ಷೆಯೂ ಸುಲಭ. ಪ್ರತಿ ರೂಟರಿಗೂ ತನ್ನದೇ ಒಂದು ಪುಟವಿದೆ. ಅದರ ವಿಳಾಸ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ ಅದರ ಹತ್ತಿರದ್ದು. ನೆಟ್ ಹೋದ ಗಳಿಗೆಯಲ್ಲಿ ಆ ಪುಟ ತೆರೆದರೆ ವೈಫೈ ಚೆನ್ನಾಗಿದೆ, ತಪ್ಪಿರುವುದು ಆಚೆ. ಫೈಬರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಬಹುಮಟ್ಟಿಗೆ ದಾರಿಯಲ್ಲಿ ಎಲ್ಲೋ ಫೈಬರ್ ತುಂಡಾಗಿರುತ್ತದೆ. ಕಂಪನಿಗೆ ದೂರು ಕೊಟ್ಟು ಕಾಯುವುದೇ ದಾರಿ. ಆ ಪುಟವೇ ತೆರೆಯದಿದ್ದರೆ ದೋಷ ನಾಲ್ಕು ಗೋಡೆಯ ಒಳಗಿದೆ.

ನೋಟ್ ಪುಸ್ತಕದಲ್ಲಿ ಬರೆಯಬೇಕಾದ್ದು ಹೊತ್ತು, ಯಾವ ಯಂತ್ರ, ಆಗ ಕೋಣೆಯಲ್ಲಿ ಏನು ನಡೆಯುತ್ತಿತ್ತು, ಇಷ್ಟೇ. ಹೊತ್ತನ್ನು ಬರೆದಿಡುವುದರ ಬೆಲೆ ಎಷ್ಟೆಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರ್‌ಹೋಸನ್ ಎಂಬ ಪುಟ್ಟ ಹಳ್ಳಿ ತೋರಿಸಿಕೊಟ್ಟಿದೆ. ಆ ಊರಿನ ಬ್ರಾಡ್‌ಬ್ಯಾಂಡ್ ಹದಿನೆಂಟು ತಿಂಗಳ ಕಾಲ ದಿನಾ ಬೆಳಗ್ಗೆ ಕೈಕೊಡುತ್ತಿತ್ತು. ಕೇಬಲ್ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಎಂಜಿನಿಯರುಗಳು ತರಂಗ ಅಳೆಯುವ ಉಪಕರಣ ಹಿಡಿದು ಬೆಳಗ್ಗೆ 6ಕ್ಕೇ ಊರೊಳಗೆ ನಡೆದರು. ಸರಿಯಾಗಿ 7 ಗಂಟೆಗೆ ಒಂದು ಮನೆಯಿಂದ ಭಾರಿ ಗದ್ದಲದ ತರಂಗ ಎದ್ದಿತು. ಆ ಮನೆಯವರು ಹೊತ್ತಿಗೆ ಸರಿಯಾಗಿ ತಮ್ಮ ಹಳೇ ಟಿವಿ ಹಾಕುತ್ತಿದ್ದರು. ಟಿವಿ ಬಂದ್ ಆಯಿತು, ಊರಿನ ನೆಟ್ ಸರಿಹೋಯಿತು. 2020ರಲ್ಲಿ ಈ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕೇಬಲಿಗೆ ಸುರಿದ ದುಡ್ಡಿನಿಂದ ಸಿಗದ ಉತ್ತರ ಗಡಿಯಾರದಿಂದ ಸಿಕ್ಕಿತು.

ಹಳೇ ಟಿವಿಯೊಂದು ಇಷ್ಟು ಮಾಡುವುದಾದರೆ, ವೈಫೈ ಓಡಾಡುವ ಗಾಳಿಯಲ್ಲಿ ಯಾರ್‍ಯಾರಿದ್ದಾರೆ ಎಂಬುದನ್ನೂ ತಿಳಿಯಬೇಕು. ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ; ಅದರ ಅಲೆಯ ಉದ್ದ ಸುಮಾರು 3 ಮೀಟರ್. ಅಷ್ಟು ಉದ್ದದ ಅಲೆ ಮರ, ಗೋಡೆ, ತಿರುವುಗಳನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ವೈಫೈ ಕೂಡ ರೇಡಿಯೋನೇ. ಆದರೆ ಅದರ ಹಳೇ ಪಟ್ಟಿ 2.4 ಗಿಗಾಹರ್ಟ್ಸ್, ಅಲೆ ಒಂದು ಗೇಣಿಗಿಂತ ಚಿಕ್ಕದು, ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನ ಪಟ್ಟಿಯಲ್ಲಿ ಅದರರ್ಧ. ಕಬ್ಬಿಣದ ಬೀರು ಅಡ್ಡ ಬಂದರೆ ಅಲೆ ಹಿಂದಕ್ಕೆ ಚಿಮ್ಮುತ್ತದೆ, ನೀರು ತುಂಬಿದ ಸಿಂಟೆಕ್ಸ್ ಟ್ಯಾಂಕು ಅಡ್ಡ ಬಂದರೆ ಅದರಲ್ಲೇ ಕರಗುತ್ತದೆ. ಹಸಿರೆಲೆಯಲ್ಲಿ ಇರುವುದೂ ನೀರೇ. ಕಚೇರಿಯಿಂದ ಗೋದಾಮಿಗೆ ಗದ್ದೆಯ ಮೇಲೆ ವೈಫೈ ಹಾಯಿಸುವವರು ಇದನ್ನು ನೆನಪಿಡಬೇಕು: ಕಬ್ಬು ನೆಟ್ಟಾಗ ಚೆನ್ನಾಗಿದ್ದ ಸಂಪರ್ಕ ಕಬ್ಬು ಆಳೆತ್ತರ ದಾಟಿದ ಮೇಲೆ ಸೊರಗಿದರೆ ಯಂತ್ರ ಕೆಟ್ಟಿಲ್ಲ, ಆಂಟೆನಾ ಎತ್ತರಿಸಬೇಕಷ್ಟೆ.

2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಎಲ್ಲರಿಗೂ ಬಿಟ್ಟದ್ದರಿಂದಲೇ ಅಲ್ಲಿ ನೂಕುನುಗ್ಗಲು. ಅದರಲ್ಲಿ 13 ಚಾನಲುಗಳಿವೆ. ಆದರೆ ಒಂದರ ಮೇಲೊಂದು ಬೀಳದಂತೆ ಉಳಿಯುವವು ಮೂರೇ, 1, 6 ಮತ್ತು 11. ಮುಂದಿನ ಮೊಬೈಲ್ ಅಂಗಡಿ, ಮಗ್ಗುಲ ಬೇಕರಿ, ಮೇಲಿನ ಮನೆ ಎಲ್ಲವೂ 6ರಲ್ಲೇ ಕೂತಿದ್ದರೆ ಕಚೇರಿಯ ರೂಟರನ್ನು 1ಕ್ಕೋ 11ಕ್ಕೋ ಸರಿಸಬೇಕು. 3, 4, 8 ಎಂದು ನಡುವಿನ ಸಂಖ್ಯೆ ಹಾಕುವುದು ಎರಡೂ ಕಡೆಯವರಿಗೆ ತೊಂದರೆ. 2018ರಲ್ಲಿ 5 ಗಿಗಾಹರ್ಟ್ಸ್‌ನಲ್ಲೂ ವಿಶಾಲವಾದ ಜಾಗ ತೆರೆಯಿತು. ಅಲ್ಲಿ ಗದ್ದಲ ಕಡಿಮೆ, ವೇಗ ಹೆಚ್ಚು, ದೂರ ಮಾತ್ರ ಕಮ್ಮಿ. ರೂಟರಿನ ಕೋಣೆಯಲ್ಲೇ ಕೂರುವ ಹೊಸ ಲ್ಯಾಪ್‌ಟಾಪುಗಳಿಗೆ ಅದೇ ಸರಿ.

ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸ್‌ನದೇ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ ವರ್ಷಗಟ್ಟಲೆ ಹಿಡಿಯುತ್ತಿದ್ದ ವಿಚಿತ್ರ ಸಂಕೇತಗಳ ಮೂಲವನ್ನು 2015ರಲ್ಲಿ ವಿಜ್ಞಾನಿಗಳು ಪತ್ತೆಮಾಡಿದಾಗ, ಅದು ಅಲ್ಲಿನ ಸಿಬ್ಬಂದಿ ಮೈಕ್ರೋವೇವ್ ನಿಲ್ಲುವ ಮುಂಚೆಯೇ ಬಾಗಿಲು ತೆರೆಯುತ್ತಿದ್ದುದರಿಂದ ಹೊರಬಿದ್ದ ತರಂಗ ಎಂದು ತಿಳಿಯಿತು. ಹನಕೆರೆಯ ಸೀಮೆಯ ಕಚೇರಿಗಳಲ್ಲಿ ಮೈಕ್ರೋವೇವ್ ಅಪರೂಪ. ಆದರೆ ಬೇಕರಿಯ ಪಕ್ಕದ ಗೋಡೆಗೆ ರೂಟರ್ ಹೊಡೆದಿದ್ದರೆ ಪಫ್ಸ್ ಬಿಸಿ ಮಾಡುವ ಹೊತ್ತನ್ನೂ ಪುಸ್ತಕದಲ್ಲಿ ಬರೆಯಬೇಕು.

ಇದಕ್ಕಿಂತ ಹೆಚ್ಚು ಕಡೆ ಕಾಣಸಿಗಬಹುದಾದ, ಆದರೆ ಯಾರ ಗುಮಾನಿಗೂ ಬೀಳದ ಇನ್ನೊಂದು ಕಾರಣವಿದೆ. 2012ರಲ್ಲಿ ಇಂಟೆಲ್ ಕಂಪನಿಯೇ ಒಂದು ವರದಿಯಲ್ಲಿ ಹೇಳಿತು: ಯುಎಸ್‌ಬಿ 3.0 ಸಾಧನಗಳು, ಅವುಗಳ ವೈರು, ಕನೆಕ್ಟರುಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಬ್ಯಾಕಪ್ಪಿಗೆ ಚುಚ್ಚಿದ ಹಾರ್ಡ್ ಡಿಸ್ಕಿನ ಮಗ್ಗುಲಲ್ಲೇ ವೈಫೈ ಡಾಂಗಲ್ ಇದ್ದರೆ, ಲೆಕ್ಕದ ಪುಸ್ತಕ ಕಾಪಿ ಆಗುವಷ್ಟು ಹೊತ್ತೂ ಆ ಯಂತ್ರದ ನೆಟ್ ಬಿದ್ದೂ ಎದ್ದೂ ಒದ್ದಾಡುತ್ತದೆ. ಕಾಪಿ ಮುಗಿಯಿತು, ನೆಟ್ ಸರಿಯಾಯಿತು. ಆಮೇಲೆ ಬಂದ ರಿಪೇರಿಯವನಿಗೆ ಏನೂ ಕಾಣುವುದಿಲ್ಲ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲನ್ನು ಡಿಸ್ಕಿನಿಂದ ದೂರ, ಮೇಜಿನ ಮೇಲಕ್ಕೆ ತಂದರೆ ಆಯಿತು. ಡೆಸ್ಕ್‌ಟಾಪಿನ ಕಬ್ಬಿಣದ ಪೆಟ್ಟಿಗೆಯ ಹಿಂದೆ ಅವಿತು ಕೂತಿದ್ದ ಡಾಂಗಲಿಗೆ ಸಿಗ್ನಲ್ಲೂ ಅದರಿಂದ ಹೆಚ್ಚುತ್ತದೆ.

ಸಿಗ್ನಲ್ ಎಷ್ಟಿದೆ ಎನ್ನುವುದನ್ನು ಗೆರೆ ಎಣಿಸಿ ನಂಬುವಂತಿಲ್ಲ. ಅದಕ್ಕೊಂದು ಅಳತೆಯಿದೆ, ಡಿಬಿಎಂ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಬಲವಾಗಿದೆ, ಮೈನಸ್ 67ರವರೆಗೂ ಕೆಲಸಕ್ಕೆ ಅಡ್ಡಿಯಿಲ್ಲ, ಮೈನಸ್ 80 ಎಂದರೆ ಸಂಪರ್ಕ ಯಾವ ಗಳಿಗೆಯಲ್ಲಾದರೂ ಕಡಿಯಬಹುದು. ಮೈನಸ್ 50ಕ್ಕೆ ಹೋಲಿಸಿದರೆ ಮೈನಸ್ 80ರಲ್ಲಿ ಸಿಗುವುದು ಸಾವಿರದಲ್ಲಿ ಒಂದು ಪಾಲು ಶಕ್ತಿ. ಆಂಡ್ರಾಯ್ಡ್ ಮೊಬೈಲಿಗೆ ವೈಫೈ ಅಳೆಯುವ ಉಚಿತ ಆ್ಯಪುಗಳಿವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಹಿಡಿದು ವೈಫೈ ಚಿಹ್ನೆ ಮುಟ್ಟಿದರೆ ಚಾನಲ್ಲೂ ಡಿಬಿಎಂ ಕೂಡ ಎದುರಿಗೇ ಬರುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ‘ವೈರ್‌ಲೆಸ್ ರಿಪೋರ್ಟ್’ ಎಂಬ ಸೌಲಭ್ಯ ಕಳೆದ ಮೂರು ದಿನ ಸಂಪರ್ಕ ಯಾವಾಗ ಹತ್ತಿತು, ಯಾವಾಗ, ಯಾತಕ್ಕೆ ಕಡಿಯಿತು ಎಂಬುದನ್ನು ಚಿತ್ರ ಸಮೇತ ಕೊಡುತ್ತದೆ. ನೋಟ್ ಪುಸ್ತಕದ ಪಕ್ಕ ಅದನ್ನಿಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಬೆರಕೆ ಯಂತ್ರಗಳ ಕಚೇರಿಗೇ ಅಂಟಿದ ತೊಂದರೆಗಳು. ವೈಫೈಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಹಳೇ ಕಾಲದ, ಇಲ್ಲವೇ ದೂರದ ಯಂತ್ರ ನಿಧಾನವಾಗಿ ಮಾತಾಡುತ್ತದೆ. ಅಷ್ಟೂ ಹೊತ್ತು ಮಿಕ್ಕವರು ಸುಮ್ಮನಿರಬೇಕು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು: ಒಂದೇ ಒಂದು ನಿಧಾನದ ಯಂತ್ರ ಇದ್ದರೂ ವೇಗದ ಯಂತ್ರಗಳೆಲ್ಲ ಅದರ ಮಟ್ಟಕ್ಕೆ ಇಳಿದುಬಿಡುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಮದ್ದೂರಿನ ಕಿರುದಾರಿಯಲ್ಲಿ ಹೇರು ತುಂಬಿದ ಎತ್ತಿನ ಗಾಡಿಯ ಹಿಂದೆ ಸಿಕ್ಕ ಕಾರಿನ ಪಾಡು ಇದು. ಹಾಗಾಗಿ ಹೊಸ ಲ್ಯಾಪ್‌ಟಾಪ್ ನಿಧಾನವಾದರೆ ಅದರಲ್ಲೇ ದೋಷ ಹುಡುಕದೆ, ಹಿಂದಿನ ಕೋಣೆಯ ಹಳೇ ಪ್ರಿಂಟರನ್ನೂ ಕ್ಯಾಮೆರಾವನ್ನೂ ಒಂದು ಗಂಟೆ ಬಂದ್ ಮಾಡಿ ನೋಡಬೇಕು.

ಭದ್ರತೆಯ ವಿಚಾರವೂ ಹೀಗೇ. 2018ರಲ್ಲಿ ಡಬ್ಲ್ಯೂಪಿಎ 3 ಎಂಬ ಹೊಸ ಬೀಗ ಬಂತು. ವಿಂಡೋಸ್ 7ಕ್ಕೆ ಅದು ಗೊತ್ತಿಲ್ಲ. ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಹೊಸದು, ಹಳೆಯದು ಎರಡೂ ಸೇರಿದ ಬೀಗ ಇಟ್ಟರೂ ಕೆಲವು ಹಳೇ ಪ್ರಿಂಟರುಗಳು, ಡಾಂಗಲುಗಳು ತಬ್ಬಿಬ್ಬಾಗಿ ಆಗಾಗ ಕಳಚಿಕೊಳ್ಳುತ್ತವೆ. ಅಂಥವುಗಳಿಗೆ 2.4ರಲ್ಲಿ ಡಬ್ಲ್ಯೂಪಿಎ 2 ಮಾತ್ರ ಇರುವ ಬೇರೆ ಹೆಸರಿನ ವೈಫೈ ಕೊಟ್ಟು, ಹೊಸ ಯಂತ್ರಗಳಿಗೆ 5ರ ಪಟ್ಟಿಯಲ್ಲಿ ಇನ್ನೊಂದು ಹೆಸರು ಇಡುವುದು ವಾಸಿ. ಎರಡಕ್ಕೂ ಒಂದೇ ಹೆಸರಿದ್ದರೆ ಗೋಡೆಯಾಚೆಯ ಯಂತ್ರ ಅತ್ತಿಂದಿತ್ತ ಜಿಗಿಯುತ್ತಾ ಪ್ರತಿ ಜಿಗಿತಕ್ಕೂ ಒಮ್ಮೆ ಸಂಪರ್ಕ ಕಳೆದುಕೊಳ್ಳುವುದುಂಟು.

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆಯೇ ನೆಟ್ ಹೋಗುತ್ತದೆ ಎಂದು ಪುಸ್ತಕ ಹೇಳಿದರೆ, ಕಾರಣ ಬಹುಮಟ್ಟಿಗೆ ಕರೆಂಟ್ ಉಳಿಸುವ ಸೆಟ್ಟಿಂಗ್. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ಶಕ್ತಿ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಬೇಕು. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ ಕಡತದಲ್ಲಿ 3 ಎಂದಿರುವುದನ್ನು 2 ಮಾಡಬೇಕು. ಎರಡೂ ಐದು ನಿಮಿಷದ ಕೆಲಸ.

ವಿಳಾಸದ ಜಗಳವೂ ಉಂಟು. ರೂಟರ್ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಹಂಚುತ್ತದೆ. ಪ್ರಿಂಟರಿಗೆ ಯಾರೋ ಕೈಯಾರೆ ಬರೆದ ವಿಳಾಸವನ್ನೇ ರೂಟರ್ ಮರುದಿನ ಯಾವುದೋ ಮೊಬೈಲಿಗೆ ಕೊಟ್ಟರೆ ಎರಡೂ ಕಾದಾಡುತ್ತವೆ. ಸಿಗ್ನಲ್ ಸಾಲದೆಂದು ಮನೆಯಿಂದ ತಂದು ಸೇರಿಸಿದ ಎರಡನೇ ರೂಟರ್ ತಾನೂ ವಿಳಾಸ ಹಂಚಲು ಹೊರಟರೆ ಗೊಂದಲ ಇನ್ನೂ ದೊಡ್ಡದು. ಅದರಲ್ಲಿ ಡಿಎಚ್‌ಸಿಪಿ ಎಂಬುದನ್ನು ಬಂದ್ ಮಾಡಬೇಕು. 169.254 ಎಂದು ಶುರುವಾಗುವ ವಿಳಾಸ ಕಂಡರೆ ಆ ಯಂತ್ರಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದು ತಿಳಿಯಬೇಕು. ಸಾಲಿನಲ್ಲಿ ನಿಂತವರಿಗೆಲ್ಲ ಪಾಸ್‌ವರ್ಡ್ ಕೊಡುವ ಒಳ್ಳೆಯ ಮನಸ್ಸಿನ ಕಚೇರಿಗಳಲ್ಲಿ ಹಂಚುವ ವಿಳಾಸಗಳೇ ಮುಗಿದುಹೋಗಿ ಹೀಗಾಗುವುದು ಸಹಜ. ಅವರಿಗಾಗಿಯೇ ಗೆಸ್ಟ್ ನೆಟ್‌ವರ್ಕ್ ಇದೆ.

ಎಲ್ಲಕ್ಕಿಂತ ಮುಖ್ಯವಾದ ವಿಚಾರ ಕರೆಂಟಿನದು. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆ ಹಳ್ಳಿಯ ದೃಷ್ಟಿ ಕೇಂದ್ರಗಳನ್ನು ವೈಫೈ ಮೂಲಕ ತನಗೆ ಜೋಡಿಸಿಕೊಂಡಿತು. ಹಲವು ಕಿಲೋಮೀಟರ್ ದೂರದ ರೋಗಿಯನ್ನು ವೈದ್ಯರು ವಿಡಿಯೋದಲ್ಲಿ ನೋಡುತ್ತಿದ್ದರು. ಆ ಜಾಲ ಕಟ್ಟಲು ನೆರವಾದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಅನುಭವವನ್ನು ಪ್ರಕಟಿಸಿದಾಗ ಹೊರಬಂದ ಸಂಗತಿ ಗಮನಿಸುವಂಥದ್ದು: ಕೈಕೊಟ್ಟ ಪ್ರಸಂಗಗಳಲ್ಲಿ ಬಹುಪಾಲಿಗೆ ಕಾರಣ ರೇಡಿಯೋ ಆಗಿರಲಿಲ್ಲ, ಕೆಟ್ಟ ಕರೆಂಟಾಗಿತ್ತು. ವೋಲ್ಟೇಜ್ ಜಿಗಿದು ಅಡಾಪ್ಟರ್ ಸುಡುತ್ತಿತ್ತು. ವೋಲ್ಟೇಜ್ ಕುಸಿದು ರೂಟರ್ ಪೂರ್ತಿ ಆರದೆ, ಪೂರ್ತಿ ಹೊತ್ತದೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತಿತ್ತು.

ಪಂಪ್‌ಸೆಟ್‌ಗಳ ಸೀಮೆಯಾದ ಮಂಡ್ಯಕ್ಕೆ ಇದು ಹೊಸ ಮಾತಲ್ಲ. ತ್ರೀ ಫೇಸ್ ಬಂದು ಮೋಟಾರುಗಳು ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವುದನ್ನು ಇಲ್ಲಿಯವರು ಕಂಡಿದ್ದಾರೆ. ಬಲ್ಬು ಮಂಕಾದ ಹೊತ್ತೂ ನೆಟ್ ಹೋದ ಹೊತ್ತೂ ಪುಸ್ತಕದಲ್ಲಿ ಒಂದೇ ಆಗಿದ್ದರೆ ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ಕಂಪ್ಯೂಟರಿಗೆ ಯುಪಿಎಸ್ ಇಟ್ಟು ರೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕಚೇರಿಗಳಲ್ಲಿ ಕರೆಂಟ್ ಕಣ್ಣು ಮಿಟುಕಿಸಿದರೂ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ. ಫೈಬರಿನ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಅದೇ ಯುಪಿಎಸ್‌ನಿಂದ ಕೊಡಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಅಡಾಪ್ಟರನ್ನು ಬದಲಿಸಿ ನೋಡುವುದು ಹೊಸ ರೂಟರ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ವೋಲ್ಟು ಹಳೆಯದರಷ್ಟೇ ಇರಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು ಎನ್ನುವುದೊಂದು ಎಚ್ಚರ.

ಹುಡುಕುವಾಗ ಪಾಲಿಸಬೇಕಾದ ಶಿಸ್ತು ಒಂದೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಒಂದು ದಿನ ನೋಡಬೇಕು, ಬರೆಯಬೇಕು. ಚಾನಲ್ಲೂ ಪಾಸ್‌ವರ್ಡೂ ಜಾಗವೂ ಒಟ್ಟಿಗೆ ಬದಲಾದರೆ ಗುಣವಾದದ್ದು ಯಾವುದರಿಂದ ಎಂದು ಗೊತ್ತಾಗದೆ ಮುಂದಿನ ಸಲ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಪೆಟ್ಟಿಗೆಯ ಹಿಂದಿನ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುವುದಂತೂ ಬೇಡ. ಕಂಪನಿಯವರು ಹಾಕಿಟ್ಟ ಲಾಗಿನ್ ಅಳಿಸಿಹೋದರೆ ಅವರು ಬರುವವರೆಗೂ ಕಚೇರಿಗೆ ನೆಟ್ಟೇ ಇರುವುದಿಲ್ಲ.

ಕಡೆಯದಾಗಿ ಇಂಥ ಕಚೇರಿ ನಡೆಸುವವರಲ್ಲಿ ಒಂದು ಕೋರಿಕೆ. ಮೇಜು ಬಿಟ್ಟು ಕದಲದ ಯಂತ್ರಕ್ಕೆ ವೈಫೈ ಬೇಕಾಗಿಯೇ ಇಲ್ಲ. ರೂಟರಿನ ಹಿಂದೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ತೂತುಗಳು ಖಾಲಿ ಇರುತ್ತವೆ. ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೂ ಸಂಪರ್ಕವನ್ನು ಕುಂದಿಲ್ಲದೆ ಒಯ್ಯುತ್ತದೆ. ಬೆರಳಚ್ಚು ತೆಗೆದುಕೊಳ್ಳುವ, ಪಹಣಿ ಕೊಡುವ, ಹಾಲಿನ ಲೆಕ್ಕ ಕಳಿಸುವ ಕಂಪ್ಯೂಟರಿಗೆ ಮೊದಲು ತಂತಿ ಎಳೆಸಿ. ವೈಫೈಯನ್ನು ಓಡಾಡುವ ಲ್ಯಾಪ್‌ಟಾಪಿಗೂ ಮೊಬೈಲಿಗೂ ಬಿಡಿ.